ಹತ್ತಿರ ಬರಬೇಡಿ ಅಂದಿದ್ದಷ್ಟೇ

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಸೇರಿ ಒಂದು ಅಲಾರಂ ಮಾಡಿದ್ವಿ. ಒಂದು ಅಲ್ಟ್ರಾಸೋನಿಕ್ ಸೆನ್ಸರ್, ಒಂದು ಬಜರ್. ಹತ್ತಿರ ಹೋದಷ್ಟೂ ಬೀಪ್ ಬೇಗ ಬೇಗ ಬರುತ್ತೆ, ಕಾರು ರಿವರ್ಸ್ ತೆಗೆಯುವಾಗ ಆಗೋ ಹಾಗೆ. ಹೊಸದೇನೋ ಕಂಡುಹಿಡಿದ ಖುಷಿಯಲ್ಲಿ ಗೈಡ್ ಮೇಡಂಗೆ ತೋರಿಸಿದ್ರೆ, "ಇದನ್ನ ಒಂದು ಹಾವು ನಿಮಗಿಂತ ಮೊದಲೇ ಮಾಡಿದೆ, ಹೋಗಿ ಓದಿ" ಅಂತ ನಕ್ಕರು.

ಆ ಹಾವು ರ‍್ಯಾಟಲ್‌ಸ್ನೇಕ್. ಕನ್ನಡದಲ್ಲಿ ಗಿಲಕಿ ಹಾವು ಅನ್ನಬಹುದು. ಅಮೆರಿಕ ಖಂಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಕೆನಡಾದ ದಕ್ಷಿಣದಿಂದ ಅರ್ಜೆಂಟೀನಾವರೆಗೆ ಇದರ ಜಾತಿಗಳು ಹರಡಿವೆ. ಸಿನಿಮಾ ನೋಡಿ ನಾವು ಬರೀ ಮರಳುಗಾಡಿನ ಹಾವು ಅಂದುಕೊಂಡಿದ್ವಿ. ಆದರೆ ಹುಲ್ಲುಗಾವಲು, ಕಾಡು, ಬಂಡೆ ಸಂದು, ಜೌಗು ಎಲ್ಲ ಕಡೆಯೂ ಒಂದಲ್ಲ ಒಂದು ಜಾತಿ ಇದೆ. ಚಳಿ ಹೆಚ್ಚಿರುವ ಕಡೆ ಹತ್ತಾರು ಹಾವುಗಳು ಒಂದೇ ಬಿಲದಲ್ಲಿ ಸೇರಿ ಚಳಿಗಾಲ ಕಳೆಯುತ್ತವೆ, ನಮ್ಮ ಹಾಸ್ಟೆಲ್ ಥರಾನೇ.

ಗಿಲಕಿ ಒಳಗೆ ಮಣಿ ಇರುತ್ತೆ ಅಂತ ಅಂದುಕೊಂಡಿದ್ವಿ. ಏನೂ ಇಲ್ಲ. ನಮ್ಮ ಉಗುರಿನಲ್ಲಿರುವ ಕೆರಟಿನ್‌ನಿಂದಲೇ ಆದ ಟೊಳ್ಳು ಬಳೆಗಳು ಒಂದಕ್ಕೊಂದು ಸಡಿಲವಾಗಿ ಸಿಕ್ಕಿಕೊಂಡಿರುತ್ತವೆ, ಅಷ್ಟೇ. ಪೊರೆ ಬಿಟ್ಟಾಗಲೆಲ್ಲ ಒಂದು ಬಳೆ ಸೇರುತ್ತೆ. ಹಳೆಯವು ತುದಿಯಲ್ಲಿ ಮುರಿದು ಬೀಳುವುದರಿಂದ ಬಳೆ ಎಣಿಸಿ ವಯಸ್ಸು ಹೇಳೋಕಾಗಲ್ಲ. ಆಗತಾನೇ ಹುಟ್ಟಿದ ಮರಿಗೆ ಒಂದೇ ಗುಂಡಿ, ಸದ್ದೇ ಬರಲ್ಲ. ದೊಡ್ಡ ಹಾವಿನ ಬಾಲದ ಸ್ನಾಯು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಗಿಲಕಿ ಅಲ್ಲಾಡಿಸಬಲ್ಲದು, ಅದೂ ಬಹಳ ಹೊತ್ತು ಸುಸ್ತಾಗದೆ. ನಮ್ಮ ಬ್ಯಾಟರಿ ಅರ್ಧ ಗಂಟೆಗೇ ಸತ್ತಿತ್ತು.

2021ರಲ್ಲಿ ಬಂದ ಒಂದು ಅಧ್ಯಯನ ಓದಿ ನಮ್ಮ ಬಾಯಿ ಮುಚ್ಚಿಹೋಯ್ತು. ನಾವು ಹತ್ತಿರ ಬಂದ ಹಾಗೆ ಸದ್ದಿನ ವೇಗ ಸುಮಾರು 40 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುತ್ತೆ. ಆಮೇಲೆ ತಟ್ಟನೆ 60ರಿಂದ 100ಕ್ಕೆ ಜಿಗಿಯುತ್ತೆ. ಆಗ ಹಾವು ನಿಜಕ್ಕೂ ಇರೋದಕ್ಕಿಂತ ಹತ್ತಿರದಲ್ಲಿದೆ ಅಂತ ಕಿವಿಗೆ ಅನ್ನಿಸುತ್ತೆ. ಮೋಸಾನೇ, ಆದರೆ ಇಬ್ಬರಿಗೂ ಒಳ್ಳೇದು ಮಾಡೋ ಮೋಸ. ಬೇಟೆಗೆ ಕೂತಾಗ ಈ ಹಾವು ಗಿಲಕಿ ಆಡಿಸಲ್ಲ. ಕಚ್ಚೋದು ಬೇಡ ಅನ್ನಿಸಿದಾಗಲೇ ಸದ್ದು ಮಾಡೋದು.

ಟೆಕ್ಸಾಸ್‌ನ ಸ್ವೀಟ್‌ವಾಟರ್ ಅನ್ನೋ ಊರಲ್ಲಿ ಇವನ್ನು ಹಿಡಿದು ತಂದು ಕೊಲ್ಲೋ ಜಾತ್ರೆ 1958ರಿಂದ ನಡೆದುಬಂದಿದೆ. ಓದಿ "ಛೀ" ಅಂದ್ವಿ. ಆಮೇಲೆ ನಾಲ್ವರೂ ಸುಮ್ಮನಾದ್ವಿ.

ಫಸ್ಟ್ ಇಯರ್‌ನ ಒಂದು ಮಳೆ ರಾತ್ರಿ. ಮೆಸ್‌ಗೆ ಹೋಗೋ ದಾರಿಯಲ್ಲಿ ಕುಕ್ಕರ್ ವಿಷಲ್‌ಗೆ ಮುಂಚೆ ಬರೋ ಥರದ ಬುಸ್ಸ್ ಸದ್ದು. "ಕೊಳಕುಮಂಡಲ, ದೂರ ನಿಲ್ರಪ್ಪಾ" ಅಂದ್ರು ವಾಚ್‌ಮನ್. ನಮ್ಮಲ್ಲಿ ಮೂವರಿಗೆ ಆ ಹೆಸರೇ ಗೊತ್ತಿರ್ಲಿಲ್ಲ. ರಸೆಲ್ಸ್ ವೈಪರ್ ಅಂದಿದ್ರೆ ಗೊತ್ತಾಗ್ತಿತ್ತು. ಅದೂ ಗಿಲಕಿ ಹಾವಿನ ಕುಟುಂಬದ್ದೇ. ಬಾಲದಲ್ಲಿ ಗಿಲಕಿ ಇಲ್ಲ, ಅದರ ಬದಲು ಮೈ ಉಬ್ಬಿಸಿ ಬುಸುಗುಡುತ್ತೆ. ನಾವು ವಿಡಿಯೋ ಮಾಡಿದ್ವಿ. ಯಾರೋ ರಾಡ್ ತಗೊಂಡು ಹೊಡೆದರು. ನಾವು ತಡೀಲಿಲ್ಲ. ನಿಜ ಹೇಳಬೇಕಂದ್ರೆ ರಾಡ್ ತಂದಿದ್ದು ನಮ್ಮ ರೂಮಿಂದಲೇ. "ಅಟ್ಯಾಕ್ ಮಾಡೋಕೆ ಬಂತು" ಅಂತ ಸ್ಟೇಟಸ್ ಹಾಕಿದ್ದೂ ನಾವೇ.

ಆ ವಿಡಿಯೋ ಮತ್ತೆ ತೆಗೆದು ನೋಡಿದ್ವಿ. ಅಷ್ಟೂ ಹೊತ್ತು ಹಾವು ಸುತ್ತಿಕೊಂಡು ಇದ್ದ ಜಾಗದಲ್ಲೇ ಇದೆ. ಹತ್ತಿರ ಹತ್ತಿರ ಹೋಗ್ತಿರೋದು ನಾವು.

ಕೊಳಕುಮಂಡಲ ಪಾಪದ ಪ್ರಾಣಿ ಅಂತ ನಾವೇನೂ ಹೇಳ್ತಿಲ್ಲ. ಅದು ಕಚ್ಚಿದರೆ ಜೀವ ಹೋಗಬಹುದು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿರೋದೂ ಸುಮ್ಮನೆ ಅಲ್ಲ. ಭಯ ತಪ್ಪಲ್ಲ. ಆದರೆ ಭಯ ಆದವರು ಹಿಂದೆ ಹೋಗಬೇಕಿತ್ತು, ನಾವು ಮುಂದೆ ಹೋದ್ವಿ.

ಪ್ರಾಜೆಕ್ಟ್‌ನಲ್ಲಿ ಈಗ ನಮ್ಮ ಬಜರ್ ಕೂಡ ಗಿಲಕಿ ಹಾವಿನ ಹಾಗೆ ಕೊನೆಯಲ್ಲಿ ತಟ್ಟನೆ ಜಿಗಿಯುತ್ತೆ. ಕಾರಿಡಾರ್‌ನಲ್ಲಿಟ್ಟು ನೋಡಿದಾಗ ಎಲ್ಲರೂ ಬೆಚ್ಚಿ ಹಿಂದೆ ಸರಿದರು. ಯಾರೂ ಅದನ್ನ ಹೊಡೆಯೋಕೆ ಬರಲಿಲ್ಲ.

ರಾಡ್ ಇನ್ನೂ ಬಾಗಿಲ ಹಿಂದೆಯೇ ಇದೆ. ಪಕ್ಕದ ಗೋಡೆ ಮೇಲೆ ಹಾವು ಹಿಡಿಯುವವರ ನಂಬರ್ ಬರೆದಿದ್ದೀವಿ. ಮಳೆಗಾಲ ಬರ್ತಿದೆ, ಫ್ರೆಂಡ್ಸ್. ಟಾರ್ಚ್ ಹಿಡ್ಕೊಂಡು ಓಡಾಡಿ. ಸದ್ದು ಕೇಳಿದ್ರೆ ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಆಮೇಲೆ ಫೋನ್ ತೆಗೀರಿ. ವಿಡಿಯೋಗಲ್ಲ, ಆ ನಂಬರ್‌ಗೆ.