ಚಿಕ್ಕೋಡಿ ಸೀಮೆಯಲ್ಲಿ ಮಕ್ಕಳೊಂದಿಗೆ

ಹೊರದೇಶದಲ್ಲಿ ನೆಲೆಸಿದ ಕನ್ನಡ ಸಂಸಾರಗಳು ಎರಡು ಮೂರು ವರ್ಷಕ್ಕೊಮ್ಮೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಭಾರತಕ್ಕೆ ಬರುವುದುಂಟು. ಬಂದವರು ಮೈಸೂರಿನ ಅರಮನೆಯನ್ನು ತೋರಿಸುತ್ತಾರೆ. ಹಂಪೆ, ಬೇಲೂರು, ಹಳೇಬೀಡುಗಳನ್ನು ಸುತ್ತಿಸುತ್ತಾರೆ. ಕಡೆಯಲ್ಲಿ ಉಳಿದ ನಾಲ್ಕು ದಿನಗಳನ್ನು ಅಜ್ಜ-ಆಯಿಯರ ಊರಿಗೆ ಮೀಸಲಿಡುತ್ತಾರೆ. ಆ ಊರು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಇದ್ದರಂತೂ, “ಅಲ್ಲಿ ಮಕ್ಕಳಿಗೆ ನೋಡುವುದಕ್ಕೆ ಏನಿದೆ?” ಎಂಬ ಪ್ರಶ್ನೆ ಏಳದೆ ಇರದು. ಇರುವುದೇನೋ ಬಹಳವಿದೆ. ಆದರೆ ಅದನ್ನು ಕಾಣಬೇಕಾದರೆ ಕಾಲವನ್ನು ಅರಿತು ಹೊರಡಬೇಕು.

ತೊಡಕು ಇರುವುದು ಇಲ್ಲಿಯೇ. ಇಂಗ್ಲೆಂಡ್, ಅಮೆರಿಕಗಳ ಶಾಲೆಗಳಿಗೆ ದೀರ್ಘ ರಜೆ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಸಹ್ಯಾದ್ರಿಯಲ್ಲಿ ಮಳೆ ಸುರಿದು ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಮೈದುಂಬಿ ಬರುವುದೂ ಆಗಲೇ. ಕಲ್ಲೋಳ–ಯಡೂರ ನಡುವಿನ ಸೇತುವೆಯಂಥ ತಗ್ಗಿನ ಸೇತುವೆಗಳು ನೀರಿನಡಿ ಮುಳುಗುತ್ತವೆ. ಕೂಗಳತೆಯ ಊರಿಗೂ ಸುತ್ತುಬಳಸಿ ಹೋಗಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈಯಲ್ಲಿಯೂ ನೆರೆಯು ನದೀತೀರದ ಹಳ್ಳಿಗಳ ಜನರನ್ನು ಮನೆ ಬಿಟ್ಟು ಹೊರಡುವಂತೆ ಮಾಡಿತು. ಹಸುಳೆಗಳನ್ನು ಕಟ್ಟಿಕೊಂಡು ಬರುವ ಕಾಲ ಅದಲ್ಲ. ಡಿಸೆಂಬರಿನ ರಜೆ ಎರಡೇ ವಾರದ್ದಾದರೂ ಅದೇ ಮೇಲು. ಬೆಳಗಿನ ಚಳಿ ಹಿತವಾಗಿರುತ್ತದೆ. ಜೋಳದ ಹೊಲಗಳು ಹಸುರಾಗಿರುತ್ತವೆ. ಕಬ್ಬು ಅರೆಯುವ ಹಂಗಾಮು ಭರದಿಂದ ನಡೆದಿರುತ್ತದೆ.

ಬೆಂಗಳೂರಿನಿಂದ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಮಕ್ಕಳಿಗೆ ಒಪ್ಪುವ ಗಾಡಿ. ಬೆಳಗಾವಿ ದಾಟಿ ಮಿರಜದ ಕಡೆ ಸಾಗುವಾಗ ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಎಂದು ಹೆಸರಿನ ಫಲಕಗಳು ಒಂದರ ಹಿಂದೊಂದು ಬರುತ್ತವೆ. ಕನ್ನಡ ಅಕ್ಷರವನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. “ಚಿಕ್ಕೋಡಿ ರೋಡ್” ಎಂಬ ನಿಲ್ದಾಣದಲ್ಲಿ ಇಳಿದರೆ ಚಿಕ್ಕೋಡಿ ಪಟ್ಟಣ ಇನ್ನೂ ಎಷ್ಟೋ ದೂರವಿದೆಯೆಂದು ತಿಳಿದಾಗ ಮಕ್ಕಳು ನಕ್ಕೇ ನಗುತ್ತಾರೆ.

ಮಕ್ಕಳ ಮನಸ್ಸನ್ನು ಸೆಳೆಯುವ ಕಥೆಯೊಂದು ಈ ಸೀಮೆಯಲ್ಲಿ ನದಿಯ ಜೊತೆಗೇ ಹರಿದಿದೆ. ಗಡಿಯಾಚೆ, ಮಹಾರಾಷ್ಟ್ರದ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ದಡದ ಖಿದ್ರಾಪುರದಲ್ಲಿ ಕೋಪೇಶ್ವರ ದೇವಾಲಯವಿದೆ. ಶಿಲಾಹಾರರ ಕಾಲದ, 12ನೆಯ ಶತಮಾನದ ಕೃತಿ ಅದು. ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುವೆ ಚಾವಣಿಯೇ ಇಲ್ಲ, ದುಂಡಗೆ ತೆರೆದ ಬಾಯಿಯಲ್ಲಿ ಆಕಾಶ ಕಾಣುತ್ತದೆ. ಕೆಳಗಿನ ದುಂಡುಗಲ್ಲಿನ ಮೇಲೆ ಬೆನ್ನುಹಚ್ಚಿ ಮಲಗಿ ಮೋಡಗಳನ್ನು ನೋಡುವ ಸುಖ ಮಕ್ಕಳಿಗೇ ಗೊತ್ತು. ಹೊರಗೋಡೆಯ ಬುಡದಲ್ಲಿ ಗುಡಿಯನ್ನೆಲ್ಲ ಬೆನ್ನ ಮೇಲೆ ಹೊತ್ತಂತೆ ಆನೆಗಳ ಸಾಲು. ಎಣಿಸುತ್ತ ಸುತ್ತಿಬಂದರೆ ಅರ್ಧ ಗಂಟೆ ಸರಿದದ್ದು ತಿಳಿಯುವುದಿಲ್ಲ.

ಆದರೆ ಶಿವನ ಎದುರಿಗೆ ನಂದಿಯೇ ಇಲ್ಲ! ಎಲ್ಲಿ ಹೋದ? ದಕ್ಷನ ಯಜ್ಞಕ್ಕೆ ಸತಿಯನ್ನು ಕರೆದೊಯ್ದವನು ಮರಳಲಿಲ್ಲವೆಂದು ಜನ ಹೇಳುತ್ತಾರೆ. ಸತಿ ಅಲ್ಲಿ ಅಗ್ನಿಗಾಹುತಿಯಾದಳು. ಶಿವ ಕೋಪಗೊಂಡು ಕೋಪೇಶ್ವರನಾದ. ಅವನನ್ನು ಸಮಾಧಾನಪಡಿಸಲು ವಿಷ್ಣು ಬಂದು ಪಕ್ಕದಲ್ಲಿ ನಿಂತ. ಆ ನಂದಿ ಈಗ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದ್ದಾನಂತೆ. ಯಡೂರು ವೀರಭದ್ರನ ಕ್ಷೇತ್ರ. ದಕ್ಷನ ಯಜ್ಞವನ್ನು ಕೆಡಿಸಿದವನೂ ಅವನೇ ತಾನೆ! ಹೀಗೆ ಎರಡು ರಾಜ್ಯಗಳ ಎರಡು ಗುಡಿಗಳು ಒಂದೇ ಕಥೆಯ ಎರಡು ತುದಿಗಳಾಗಿವೆ. ಖಿದ್ರಾಪುರದ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವೇ ಎಂಬುದನ್ನು ದೊಡ್ಡವರು ಮರೆಯದೆ ತೋರಿಸಬೇಕು. ಗಡಿ 1956ರಲ್ಲಿ ಬಂತು. ಕಥೆಯೂ ಅಕ್ಷರವೂ ಅದಕ್ಕಿಂತ ಬಲು ಹಿರಿಯವು.

ಈ ನದೀತೀರ ಹಿರಿಯ ತ್ಯಾಗಿಗಳ ತವರೂ ಹೌದು. ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯ ತಂದ ಆಚಾರ್ಯ ಶಾಂತಿಸಾಗರರು ವೇದಗಂಗೆ–ದೂಧಗಂಗೆಗಳ ಸಂಗಮದ ಭೋಜ ಗ್ರಾಮದವರು. ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಜನಿಸಿದರು. ಅಥಣಿಯ ಗಚ್ಚಿನಮಠ ಮುರುಘೇಂದ್ರ ಶಿವಯೋಗಿಗಳ ನೆನಪನ್ನು ಕಾಪಾಡಿಕೊಂಡಿದೆ. ನಿಪ್ಪಾಣಿಯ ಬಳಿಯ ಸ್ತವನಿಧಿಯ ಬಸದಿ ಹೆದ್ದಾರಿಯ ಪಯಣದಲ್ಲಿ ನೆಮ್ಮದಿಯ ತಂಗುದಾಣ.

ಗುಡಿಗಳಿಂದ ದಣಿದ ಮಕ್ಕಳಿಗೆ ಕೈಕೆಲಸವನ್ನು ತೋರಿಸಬೇಕು. ಲೋಕವೆಲ್ಲ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಗಳನ್ನು ಅಥಣಿಯಲ್ಲಿಯೂ ಸುತ್ತಲ ಊರುಗಳಲ್ಲಿಯೂ ಹೊಲಿಯುತ್ತಾರೆ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ತೊಗಲು. ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಗೆ. ನವಿರಾದ ಹೆಣಿಕೆ ಬಹುಮಟ್ಟಿಗೆ ಹೆಂಗಸರ ಕೈಯದು. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಪಾದರಕ್ಷೆಗಳನ್ನು ಮೆರೆಸಿ, ಆಕ್ಷೇಪ ಎದ್ದ ಮೇಲೆ, ಅದರ ಮೂಲ ಭಾರತದ ಕುಶಲಕರ್ಮಿಗಳದೆಂದು ಒಪ್ಪಿಕೊಂಡಿತು. ಆ ಕೈಗಳನ್ನು ಕಣ್ಣಾರೆ ಕಂಡ ಮಗು ತನ್ನ ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಬೆಲ್ಲದ ಗಾಣದ ಮುಂದೆ, ಕೊಪ್ಪರಿಗೆಯ ಆವಿಯಲ್ಲಿ ನಿಂತು ಬಿಸಿ ಬೆಲ್ಲ ನೆಕ್ಕುವುದನ್ನು ಮಾತ್ರ ಯಾವ ಪುಸ್ತಕವೂ ಕಲಿಸದು. ಫೆಬ್ರುವರಿಯವರೆಗೆ ಉಳಿಯಬಲ್ಲವರಿಗೆ ಚಿಂಚಲಿಯ ಮಾಯಕ್ಕನ ಜಾತ್ರೆಯೂ ಉಂಟು. ಆದರೆ ಆ ಜನಸಂದಣಿಯಲ್ಲಿ ಮಗುವಿನ ಕೈ ಬಿಡಲಾಗದು.

ಕೆಲವು ಎಚ್ಚರಿಕೆಗಳು ಅವಶ್ಯ. ಕುಡಿಯಲು ಕಾಯಿಸಿ ಆರಿಸಿದ ನೀರನ್ನೇ ಕೊಡಬೇಕು. ಕೃಷ್ಣೆ ಚಳಿಗಾಲದಲ್ಲಿ ಎಷ್ಟೇ ಶಾಂತಳಾಗಿ ತೋರಿದರೂ ಮಕ್ಕಳನ್ನು ನೀರಿಗೆ ಇಳಿಸಬಾರದು, ಮಡುಗಳಲ್ಲಿ ಮೊಸಳೆಗಳಿವೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುವ ಹಾದಿಯಲ್ಲಿ ರಾತ್ರಿಯ ಪಯಣ ಬೇಡ. ಖಾರದ ಊಟಕ್ಕೆ ಅಂಜುವ ಮಗುವಿಗೆ ಬಿಸಿ ರೊಟ್ಟಿ, ಕೆನೆಮೊಸರು, ಶೇಂಗಾ ಹಿಂಡಿ ಸಾಕು.

ಇಷ್ಟಾಗಿ ಈ ಪ್ರವಾಸದ ಮುಖ್ಯ ಸ್ಥಳ ಅಜ್ಜನ ಮನೆಯ ಪಡಸಾಲೆಯೇ. “ಬಾರೋ ತಮ್ಮಾ, ಉಣ್ಣು ಬಾ” ಎಂದು ಆಯಿ ಕರೆದಾಗ ಮೊಮ್ಮಗ ಮೊದಲ ದಿನ ತಾಯಿಯ ಮುಖ ನೋಡುತ್ತಾನೆ. ಎರಡನೆಯ ದಿನ ತಲೆದೂಗುತ್ತಾನೆ. ಮಾತು ಮಾತಿಗೆ ಕೂಡುವುದು ನಾಲ್ಕನೆಯ ದಿನದ ಮೇಲೆ. ಕಡೆಯ ನಾಲ್ಕೇ ದಿನಗಳನ್ನು ಊರಿಗೆ ಇಟ್ಟವರು ಆ ಹೊತ್ತಿಗೆ ಪೆಟ್ಟಿಗೆ ಕಟ್ಟುತ್ತಿರುತ್ತಾರೆ. ಕಲ್ಲಿನ ಆನೆಗಳು ಮುಂದಿನ ಸಲಕ್ಕೂ ಕಾದಾವು. ಎಂಬತ್ತು ದಾಟಿದ ಆಯಿ ಕಾಯುವಳೆಂದು ಯಾರು ಹೇಳಬಲ್ಲರು? ಆದಕಾರಣ ವಿಮಾನದಿಂದ ಇಳಿದವರು ಮೊದಲು ಊರಿಗೇ ಹೋಗುವುದು ಲೇಸು; ಮೈಸೂರಿನ ಅರಮನೆಯನ್ನು ಮರಳುವಾಗ ನೋಡಬಹುದು.