ಮನೆಗಿಂತ ಮೊದಲು ನೆರೆ

ಅರಬರಲ್ಲಿ ಒಂದು ಹಳೆಯ ನಾಣ್ನುಡಿಯಿದೆ: ಮನೆಗಿಂತ ಮೊದಲು ನೆರೆಯವನನ್ನು ನೋಡು, ದಾರಿಗಿಂತ ಮೊದಲು ಜೊತೆಗಾರನನ್ನು ನೋಡು. ಇದನ್ನು ಹದೀಸ್ ಎಂದು ಹೇಳುವವರೂ ಉಂಟು. ಆದರೆ ವಿದ್ವಾಂಸರು ಅದರ ಸನದು ದುರ್ಬಲವೆಂದಿದ್ದಾರೆ. ಹಾಗಾದರೂ ಮಾತಿನ ಹಿಂದಿರುವ ಅನುಭವ ದೊಡ್ಡದು. ಮನೆ ಕೊಳ್ಳುವಾಗ ನೆರೆಹೊರೆಯನ್ನು ಹತ್ತು ಬಾರಿ ವಿಚಾರಿಸುವ ಜನರು, ಪರವೂರಿನಲ್ಲಿ ಕೆಲವು ದಿನ ತಂಗಬೇಕಾದಾಗ ಬಾಡಿಗೆಯೊಂದನ್ನೇ ವಿಚಾರಿಸುತ್ತಾರೆ.

ನಮ್ಮ ಅಂಬಾಜಿದುರ್ಗ ಹೋಬಳಿಯವರಿಗೆ ಪರವೂರೆಂದರೆ ಬೆಂಗಳೂರು. ಆಸ್ಪತ್ರೆ, ಮಕ್ಕಳ ಪರೀಕ್ಷೆ, ಹಜ್ ಭವನ, ಹೀಗೆ ಏನಾದರೊಂದು ಕಾರಣಕ್ಕೆ ಹೊಸಕೋಟೆಯ ದಾರಿ ಹಿಡಿಯುತ್ತೇವೆ. ಹೋದವರಲ್ಲಿ ಎರಡು ರೂಢಿಗಳಿವೆ. ಕೆಲವರು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಕಣ್ಣಿಗೆ ಬಿದ್ದ ಮೊದಲ ಲಾಡ್ಜಿಗೆ ನುಗ್ಗುತ್ತಾರೆ. ಉಳಿದವರು ಯಾವ ಕೆಲಸವೇ ಇರಲಿ, ಶಿವಾಜಿನಗರಕ್ಕೆ ಹೋಗುತ್ತಾರೆ.

ಕಳೆದ ವರ್ಷ ನಮ್ಮ ಖಾಲಾರವರಿಗೆ ಬಾಯಿಯ ಕ್ಯಾನ್ಸರ್ ಎಂದು ತಿಳಿದುಬಂದಿತು. ಕಿದ್ವಾಯಿ ಆಸ್ಪತ್ರೆಯಲ್ಲಿ ಆರು ವಾರಗಳ ವಿಕಿರಣ ಚಿಕಿತ್ಸೆ, ವಾರಕ್ಕೆ 5 ದಿನ. ನಿತ್ಯ ಊರಿನಿಂದ ಹೋಗಿಬರುವುದು ಅವರ ಶರೀರಕ್ಕೆ ಸಾಧ್ಯವಿರಲಿಲ್ಲ. ಎಲ್ಲಿ ತಂಗುವುದೆಂದು ಮನೆಯಲ್ಲಿ ಮಾತುಕತೆ ನಡೆಯಿತು. ಖಾಲೂ ಅವರದು ಒಂದೇ ಪಟ್ಟು: "ಶಿವಾಜಿನಗರ ಇರುವಾಗ ಬೇರೆ ಕಡೆ ಯಾಕೆ ಬೇಟಾ? ಅಲ್ಲಿ ಮಸೀದಿ ಇದೆ, ಹಲಾಲ್ ಊಟ ಇದೆ, ನಮ್ಮ ಮಾತು ಇದೆ." ಸ್ವಲ್ಪ ತಡೆದು ಅವರು ಮತ್ತೊಂದು ಮಾತು ಸೇರಿಸಿದರು: "ಬೇರೆ ಕಡೆ ಹೋಗಿ, ಹೆಸರು ಕೇಳಿ ಕೊಠಡಿ ಇಲ್ಲ ಅಂದರೆ ಇವಳನ್ನು ಕರೆದುಕೊಂಡು ಎಲ್ಲಿ ನಿಲ್ಲೋಣ?"

ಮೊದಲಿನ ಮಾತು ರೂಢಿಯದು, ಎರಡನೆಯದು ಭಯದ್ದು. ಆ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆವು. ಕೊಠಡಿ ಹುಡುಕಲು ನಾವು ಮುಂಚಿತವಾಗಿ ಹೋದಾಗ, ಆಧಾರ್ ಚೀಟಿ ನೋಡಿದ ಬಳಿಕ ಖಾಲಿಯಿದ್ದ ಕೊಠಡಿ ಖಾಲಿಯಿಲ್ಲವಾದ ಸ್ಥಳವೂ ಒಂದಿತ್ತು. ಅದೇ ಬೀದಿಯಲ್ಲಿ ಮತ್ತೊಬ್ಬರು, ನಮ್ಮ ಧರ್ಮದವರಲ್ಲ, ರೋಗಿಯ ವಿಷಯ ಕೇಳಿದೊಡನೆ ಮೆಟ್ಟಿಲು ಹತ್ತಬೇಕಿಲ್ಲದ ನೆಲಮಹಡಿಯ ಕೊಠಡಿಯನ್ನೇ ತೋರಿಸಿದರು. ಒಂದು ಬಾಗಿಲಿನಿಂದ ಇಡೀ ಬೀದಿಯನ್ನು ಅಳೆಯಬಾರದೆಂದು ನಮಗೆ ಅನಿಸಿತು.

ಶಿವಾಜಿನಗರವನ್ನು ನಾವು ಕಡೆಗಣಿಸುವುದಿಲ್ಲ. ಬೌರಿಂಗ್ ಆಸ್ಪತ್ರೆಯಲ್ಲಿಯೋ, ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರಿನ ಘೋಷಾ ಆಸ್ಪತ್ರೆಯಲ್ಲಿಯೋ ಕೆಲಸವಿದ್ದರೆ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಗೆ ಬಂದವರಿಗೆ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ ಹತ್ತಿರ. ಮರುದಿನವೇ ಹಿಂತಿರುಗುವವರಿಗೆ ಮೆಜೆಸ್ಟಿಕ್ ಅನುಕೂಲ. ಬಸ್ಸು, ರೈಲು, ಮೆಟ್ರೋದ ಎರಡು ಮಾರ್ಗ, ಎಲ್ಲವೂ ಅಲ್ಲಿ ಕೂಡುತ್ತವೆ. ಆದರೆ ಕಿದ್ವಾಯಿ ಇರುವುದು ಡೈರಿ ವೃತ್ತದ ಬಳಿ, ನಿಮ್ಹಾನ್ಸ್‌ನ ನೆರೆಯಲ್ಲಿ. ಬೆಳಗಿನ ವಾಹನ ದಟ್ಟಣೆಯಲ್ಲಿ ನಗರದ ಈ ತುದಿಯಿಂದ ಆ ತುದಿಗೆ ಆಟೋದಲ್ಲಿ ಕುಲುಕುತ್ತಾ ಹೋಗಬೇಕಾದವರು ನಾವಲ್ಲ, ಗುಟುಕು ನೀರು ನುಂಗಲೂ ಕಷ್ಟಪಡುವ ಖಾಲಾ. ಅವರ ನೋವಿಗೆ ನಮ್ಮ ಸಮಾಧಾನವನ್ನು ಬೆಲೆಯಾಗಿ ಇಡುವುದು ನ್ಯಾಯವಲ್ಲ. ಹೀಗೆಂದು ಖಾಲೂ ಅವರ ಮುಂದಿಟ್ಟೆವು.

ಅಲ್ಲದೆ ಆಸ್ಪತ್ರೆಗೆ ಸಮೀಪವಾಗಿಯೇ ತಿಲಕನಗರವಿದೆ. ಅಲ್ಲಿ ಮಸೀದಿಗಳಿವೆ, ನಮ್ಮವರ ಅಂಗಡಿಗಳಿವೆ. ಖಾಲೂ ಅವರ ಬಯಕೆಗೂ ಖಾಲಾರವರ ಅಗತ್ಯಕ್ಕೂ ಅಲ್ಲಿ ಒಂದೇ ಉತ್ತರ ದೊರೆಯಿತು. ಲಾಡ್ಜನ್ನು ಬಿಟ್ಟು, ಗಂಜಿ ಕಾಯಿಸಲು ಒಲೆಯಿದ್ದ ಕೊಠಡಿಯೊಂದನ್ನು ತಿಂಗಳ ಲೆಕ್ಕದಲ್ಲಿ ಹಿಡಿದೆವು.

ಇಲ್ಲಿ ಫಿಕ್ಹಿನ ಒಂದು ವಿಷಯವನ್ನೂ ಹೇಳಬೇಕು. ನಮ್ಮ ದೇಶದ ಹನಫಿ ವಿದ್ವಾಂಸರು ಪ್ರಯಾಣದ ದೂರವನ್ನು ಸಾಮಾನ್ಯವಾಗಿ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ಎಂದು ಎಣಿಸುತ್ತಾರೆ. ನಮ್ಮ ಹೋಬಳಿಯಿಂದ ಬೆಂಗಳೂರು ಅಷ್ಟು ದೂರವಿಲ್ಲ. ಆದುದರಿಂದ ಅಲ್ಲಿ ನಾವು ಮುಸಾಫಿರರಲ್ಲ. ನಮಾಝಿನಲ್ಲಿ ಕಸ್ರ್ ಇಲ್ಲ, ಜುಮಾದ ಹೊಣೆಯೂ ಇಳಿಯುವುದಿಲ್ಲ. ನಡೆದು ತಲುಪುವ ದೂರದಲ್ಲಿ ಮಸೀದಿ ಇರಲಿ ಎನ್ನುವುದು ಬರಿಯ ಮನದಾಸೆಯಲ್ಲ. ಆದರೆ ರೋಗಿಯ ಸೇವೆಯನ್ನು ಹಿಂದಿಕ್ಕಿ ಅದನ್ನೊಂದನ್ನೇ ಮುಂದಿಡುವುದೂ ದೀನ್ ಕಲಿಸಿದ ಕ್ರಮವಲ್ಲ.

ಹೊರಡಲಿರುವ ಕುಟುಂಬಗಳಿಗೆ ನಮ್ಮ ಸಲಹೆ ಇಷ್ಟು. ಮೊದಲು ಕೆಲಸದ ಸ್ಥಳವನ್ನು ಗುರುತಿಸಿ, ಅದರ ಸುತ್ತ ವಸತಿ ಹುಡುಕಿರಿ. ಒಬ್ಬರು ಮುಂಚಿತವಾಗಿ ಹೋಗಿ ಹಗಲಿನಲ್ಲಿಯೂ ಇಶಾ ನಂತರವೂ ಆ ಬೀದಿಯಲ್ಲಿ ನಡೆದು ನೋಡಿರಿ. ರಾತ್ರಿ ಹೆಣ್ಣುಮಕ್ಕಳು ಔಷಧದಂಗಡಿಗೆ ನಿರ್ಭಯವಾಗಿ ಹೋಗಿಬರುವಂತಿದ್ದರೆ ಅದು ಒಳ್ಳೆಯ ಬೀದಿ. ಮೊಬೈಲಿನ ಚಿತ್ರ ನೋಡಿ ಹಣ ಕಟ್ಟಬೇಡಿರಿ. ಮೆಟ್ಟಿಲೆಷ್ಟು, ಬಿಸಿನೀರು ಎಷ್ಟು ಹೊತ್ತಿಗೆ, ಶೌಚಾಲಯ ರೋಗಿಗೆ ಅನುಕೂಲವೇ ಎಂದು ಕೇಳಿರಿ. ಕೈಯಲ್ಲಿ ಹಣವಿಲ್ಲದವರು ಆಸ್ಪತ್ರೆಯಲ್ಲಿಯೇ ಧರ್ಮಶಾಲೆಯ ಬಗ್ಗೆ ವಿಚಾರಿಸಲು ಸಂಕೋಚಪಡಬಾರದು. ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ಉಳಿದ ಆ ಹಣ ಹಣ್ಣಿಗಾದೀತು. ಕೆ.ಆರ್. ಪುರದಲ್ಲಿ ಇಳಿದರೆ ಅಲ್ಲಿಂದಲೇ ಮೆಟ್ರೋ ಇದೆ.

14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ನಮ್ಮ ಹೊನ್ನಾವರವನ್ನು ಕಂಡು, ಮಲಬಾರಿನ ದಾರಿಯಲ್ಲಿ ನಡೆದವನು. ಆ ದಾರಿಯುದ್ದಕ್ಕೂ ಅರ್ಧ ಅರ್ಧ ಮೈಲಿಗೆ ಎಲ್ಲ ಧರ್ಮದ ದಾರಿಹೋಕರಿಗಾಗಿ ಮರದ ತಂಗುಮನೆ, ಅದರ ಬಳಿ ಬಾವಿ ಇದ್ದುವೆಂದು ಅವನು ಬರೆದಿದ್ದಾನೆ. ದಾರಿಹೋಕನ ಹಕ್ಕನ್ನು ಪವಿತ್ರ ಕುರ್‌ಆನ್ ಝಕಾತಿನ ಎಂಟು ಪಾಲುಗಳಲ್ಲಿ ಒಂದಾಗಿ ಎಣಿಸಿದೆ.

ಆರು ವಾರಗಳ ಕಾಲ ಎದುರು ಮನೆಯ ತಾಯಿಯೊಬ್ಬರು ಕೇಳದೆಯೇ ಖಾಲಾರವರಿಗೆ ಮಜ್ಜಿಗೆ ಕಳುಹಿಸುತ್ತಿದ್ದರು. ನಮ್ಮ ತಾಲೂಕಿನ ಮುರುಗಮಲ್ಲದ ದರ್ಗಾಕ್ಕೂ ದೂರದೂರದಿಂದ ರೋಗಿಗಳನ್ನು ಕರೆದುಕೊಂಡು ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಅವರಿಗೆ ನಾವೇ ಆ ಪರವೂರಿನವರು, ನಮ್ಮ ಬೀದಿಯೇ ಆ ಬೀದಿ. ಅವರು ಬಾಗಿಲು ತಟ್ಟಿದಾಗ ಹೆಸರು ಕೇಳುವುದಕ್ಕಿಂತ ಮೊದಲು ನೀರು ಕೊಡುವ ಮನಸ್ಸನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.