ಭೂಮಿಯಲ್ಲಿ ಉಳಿಯುವ ಕಳೆನಾಶಕ



ಕಾಯಕವನ್ನೇ ಪೂಜೆಯೆಂದು ತಿಳಿದ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಶರಣ ಒಕ್ಕಲಿಗ ಮುದ್ದಣ್ಣನವರ ಕಾಯಕ ಬೇಸಾಯವೇ ಆಗಿತ್ತು. ಆದುದರಿಂದ ಹೊಲದ ಮಾತನ್ನು ಇಲ್ಲಿ ಎತ್ತುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಕಡೆಯ ರೈತರೊಬ್ಬರು ಬಾಡಿದ ಅಲಸಂದೆ ಗಿಡಗಳನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಮೆಕ್ಕೆಜೋಳ ಕೊಯ್ದ ಹೊಲವನ್ನು ಗುತ್ತಿಗೆಗೆ ಪಡೆದು ಬಿತ್ತಿದ್ದರಂತೆ. ಬೀಜವೇನೋ ಚೆನ್ನಾಗಿ ಮೊಳೆಯಿತು. ಎಲೆ ಬಿಟ್ಟ ಮೇಲೆ ಅಂಚಿನಿಂದ ಹಳದಿಗಟ್ಟಿ ಒಣಗಿತು. ಅವರು ಬೀಜವನ್ನೂ ತಮ್ಮ ಕರ್ಮವನ್ನೂ ದೂರುತ್ತಿದ್ದರು. ವಿಚಾರಿಸಲಾಗಿ, ಹಿಂದಿನ ಬೆಳೆಗೆ ಅಟ್ರಜಿನ್ ಸಿಂಪಡಿಸಿದ್ದು ತಿಳಿಯಿತು. ಮಾಲೀಕರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಅದೇ ಕಾರಣವೆಂದು ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದು. ಆದರೆ ಲಕ್ಷಣಗಳು ಅದಕ್ಕೆ ಹೊಂದುತ್ತಿದ್ದವು.

ಅಟ್ರಜಿನ್ ಬೀಜ ಮೊಳೆಯುವುದನ್ನು ತಡೆಯದು. ಬೇರಿನಿಂದ ಎಲೆಗೇರಿ, ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನು ಕೆಡಿಸುತ್ತದೆ. ಅದನ್ನು ನಿರ್ವಿಷಗೊಳಿಸುವ ಶಕ್ತಿ ಮೆಕ್ಕೆಜೋಳಕ್ಕೆ ಉಂಟು. ಅನೇಕ ದ್ವಿದಳ ಬೆಳೆಗಳಿಗೂ ಸೌತೆಯ ಜಾತಿಗೂ ಸಾಲದು.

ಕಳೆನಾಶಕವು ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವನ್ನು ವಿಜ್ಞಾನಿಗಳು ಅರ್ಧಾಯುಷ್ಯವೆನ್ನುತ್ತಾರೆ. ಸ್ಥೂಲವಾಗಿ 2,4-ಡಿಗೆ 10 ದಿನ, ಗ್ಲೈಫೋಸೇಟ್‌ಗೆ 47 ದಿನ, ಅಟ್ರಜಿನ್‌ಗೆ 60 ದಿನ. ಈ ಲೆಕ್ಕದಂತೆ ಒಂದು ಕಿಲೋ ಅಟ್ರಜಿನ್ 60 ದಿನಕ್ಕೆ 500 ಗ್ರಾಂ, 120 ದಿನಕ್ಕೆ 250 ಗ್ರಾಂ ಆಗುತ್ತದೆ. ಎಂದರೆ ಮೆಕ್ಕೆಜೋಳ ಕೊಯ್ಲಿಗೆ ಬರುವ ವೇಳೆಗೂ ಕಾಲುಭಾಗ ಉಳಿದಿರಬಹುದು. ಇದನ್ನು ಕರಗಿಸುವ ಕೆಲಸದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಪಾಲು ದೊಡ್ಡದು. ಅವಕ್ಕೆ ತೇವ ಬೇಕು. ಮಳೆ ಕೈಕೊಟ್ಟ ವರ್ಷ, ಕ್ಷಾರಗುಣದ ಭೂಮಿಯಲ್ಲಿ, ಈ ಅವಧಿ ಇನ್ನೂ ದೀರ್ಘವಾಗುತ್ತದೆ. ನಮ್ಮ ಬಯಲುಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸಂಶಯವಿದ್ದಲ್ಲಿ ಸುಲಭವಾದ ಪರೀಕ್ಷೆಯೊಂದುಂಟು. ಆ ಹೊಲದ ಮೇಲ್ಮಣ್ಣನ್ನು ಹಲವು ಕಡೆಯಿಂದ ತಂದು ಒಂದು ಕುಂಡದಲ್ಲಿಯೂ, ಔಷಧಿ ಕಾಣದ ಅಂಥದೇ ಮಣ್ಣನ್ನು ಇನ್ನೊಂದರಲ್ಲಿಯೂ ತುಂಬಿ, ಎರಡರಲ್ಲೂ ಸೌತೆಬೀಜ ಹಾಕಿ, ಬಿಸಿಲಿನಲ್ಲಿಟ್ಟು ಸಮವಾಗಿ ನೀರೆರೆಯಿರಿ. ಮೊಳೆತ ಮಾತ್ರಕ್ಕೆ ಸಮಾಧಾನಪಡದೆ ಮೂರು ವಾರ ಎಲೆಗಳನ್ನು ನೋಡಿರಿ. ಮೊದಲನೆಯದು ಮಾತ್ರ ಒಣಗಿದರೆ, ಈ ಹಂಗಾಮಿಗೆ ದ್ವಿದಳದ ಬದಲು ಜೋಳವನ್ನು ಆಲೋಚಿಸುವುದು ಲೇಸು.

ಇದಕ್ಕಿಂತ ಸುಲಭವಾದುದು ಬಾಯಿಬಿಟ್ಟು ಹೇಳುವುದು. ಹೊಲವನ್ನು ಗುತ್ತಿಗೆಗೆ ಕೊಡುವವರು ಯಾವ ಔಷಧಿ, ಎಷ್ಟು, ಯಾವ ದಿನ ಹಾಕಿದೆವೆಂಬುದನ್ನು ಬರೆದು ಕೊಡಬೇಕು. ಗುತ್ತಿಗೆಯ ಹಣ ಪಡೆದು ಭೂಮಿಯ ದೋಷವನ್ನು ಮುಚ್ಚಿಟ್ಟರೆ ಆ ಗಳಿಕೆ ಕಾಯಕದ ಫಲವೆನಿಸದು. ಮಠಮಾನ್ಯಗಳ ಜಮೀನಿಗೂ ಇದೇ ನಿಯಮ ಸಲ್ಲತಕ್ಕದ್ದು.